ಹಳೆ ಬೈಕಿಗೆ ನಂಬಿಕಸ್ಥ ಮೆಕ್ಯಾನಿಕ್ ಹುಡುಕುವುದು ಹೇಗೆ: ಮೈಸೂರು, ಮಂಡ್ಯದವರಿಗೆ ಹಂತ ಹಂತದ ಮಾರ್ಗದರ್ಶಿ

ಈ ವಿಷಯ ಕೇಳಿಕೊಂಡು ಬರುವವರ ಕಥೆ ಹೆಚ್ಚು ಕಡಿಮೆ ಒಂದೇ ಇರುತ್ತದೆ. ಅಪ್ಪನ ಯೆಜ್ಡಿ, ಮಾವನ ಬುಲೆಟ್, ಇಲ್ಲಾ ಕಾಲೇಜು ದಿನಗಳ ಆರ್‌ಎಕ್ಸ್ 100. ಗಾಡಿ ಒಂದು ದಿನ ರಸ್ತೆ ಮಧ್ಯ ನಿಂತಿತು. ತಳ್ಳಿಕೊಂಡು ಹತ್ತಿರದ ಗ್ಯಾರೇಜಿಗೆ ಹೋದರು. "ಇಂಜಿನ್ ಇಳಿಸ್ಬೇಕು ಸಾರ್" ಅಂದರು. ಅಡ್ವಾನ್ಸ್ ಕೊಟ್ಟು ಬಂದರು. ಮೂರು ತಿಂಗಳಾದ ಮೇಲೆ ಹೋಗಿ ನೋಡಿದರೆ ಇಂಜಿನ್ ಗೋಣಿಚೀಲದಲ್ಲಿದೆ, ಟ್ಯಾಂಕ್ ಇನ್ನೊಂದು ಮೂಲೆಯಲ್ಲಿದೆ, ಸೈಡ್ ಬಾಕ್ಸ್ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ.

ಇವರೆಲ್ಲ ಒಂದೇ ಕಡೆ ಎಡವಿದ್ದಾರೆ. ಗಾಡಿ ಕೆಟ್ಟ ಮೇಲೆ ಮೆಕ್ಯಾನಿಕ್ ಹುಡುಕಿದ್ದಾರೆ. ಕೆಟ್ಟ ಗಾಡಿ ಹಿಡಿದುಕೊಂಡು ನಿಂತವನಿಗೆ ಆರಿಸುವ ಸಮಯ ಇರುವುದಿಲ್ಲ. ಗಾಡಿ ಓಡುತ್ತಿರುವಾಗಲೇ ಹುಡುಕಬೇಕು, ಸಣ್ಣ ಕೆಲಸ ಕೊಟ್ಟು ನೋಡಬೇಕು, ಆಮೇಲೆ ಇಂಜಿನ್ ಮುಟ್ಟಿಸಬೇಕು. ಕೆಳಗಿನ ಹಂತಗಳ ಕ್ರಮ ದಯವಿಟ್ಟು ಬದಲಿಸಬೇಡಿ. ನಿಮ್ಮ ಗಾಡಿ ಈಗಾಗಲೇ ನಿಂತಿದ್ದರೆ ಅದನ್ನು ಮನೆಯಲ್ಲೇ ಬಿಡಿ. ಇನ್ನೊಂದು ತಿಂಗಳು ನಿಂತರೆ ಏನೂ ಆಗುವುದಿಲ್ಲ.

ಹಂತ 1: ಮೊದಲು ನಿಮ್ಮ ಗಾಡಿ ನಿಮಗೆ ಗೊತ್ತಿರಲಿ

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ನೋಟ್‌ಬುಕ್, ಮೊಬೈಲ್ ಕ್ಯಾಮೆರಾ, ಪ್ಲಗ್ ಸ್ಪ್ಯಾನರ್, ಒಂದು ಫೀಲರ್ ಗೇಜ್ (ಸಣ್ಣ ಸಂದಿ ಅಳೆಯುವ ತೆಳು ಪಟ್ಟಿಗಳು), ಅಗ್ಗದ ಮಲ್ಟಿಮೀಟರ್, ಮತ್ತೆ ಒಂದು ಪೇಂಟ್ ಮಾರ್ಕರ್. ಮಾರ್ಕರ್ ಯಾಕೆ ಅಂತ ಮುಂದೆ ಹೇಳುತ್ತೇನೆ.

ಎರಡು ವಾರ ಗಾಡಿಯ ವರ್ತನೆ ಬರೆದಿಡಿ. ಬೆಳಿಗ್ಗೆ ಎಷ್ಟನೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ, ಬಿಸಿ ಆದ ಮೇಲೆ ಎಷ್ಟು ಕಿಕ್ ಬೇಕು, ಲೀಟರಿಗೆ ಎಷ್ಟು ಕಿಲೋಮೀಟರ್ ಬರುತ್ತಿದೆ, ಹೊಗೆ ಯಾವ ಬಣ್ಣ, ಯಾವಾಗ ಬರುತ್ತದೆ. ನಿಂತ ಜಾಗದಲ್ಲಿ ಆಯಿಲ್ ತೊಟ್ಟಿಕ್ಕಿದರೆ ಕೆಳಗೆ ರಟ್ಟು ಹಾಕಿ, ಇಂಜಿನ್ನಿನ ಯಾವ ಭಾಗದಿಂದ ಅಂತ ಗುರುತಿಸಿ.

ಪ್ಲಗ್ ಬಿಚ್ಚಿ ನೋಡುವುದನ್ನು ಕಲಿಯಿರಿ. ಐದು ನಿಮಿಷದ ಕೆಲಸ. ತುದಿ ತಿಳಿ ಕಂದು ಬಣ್ಣ ಇದ್ದರೆ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಬೆಳ್ಳಗೆ ಸುಟ್ಟಂತೆ ಇದ್ದರೆ ಗಾಳಿ ಜಾಸ್ತಿ, ಇಂಜಿನ್ ಕಾಯುತ್ತಿದೆ. ಇದು ಗೊತ್ತಿದ್ದರೆ ಮೆಕ್ಯಾನಿಕ್ ಹೇಳುವ ಮಾತು ಎಷ್ಟು ನಿಜ ಅಂತ ನೀವೇ ತೂಗಿ ನೋಡಬಹುದು.

ಆಮೇಲೆ ಇಂಜಿನ್ ನಂಬರ್, ಚಾಸಿ ನಂಬರ್ ಎರಡರ ಫೋಟೋ ತೆಗೆದು ಆರ್‌ಸಿ ಜೊತೆ ತಾಳೆ ನೋಡಿ. ಕಾರ್ಬೊರೇಟರ್, ಸೈಲೆನ್ಸರ್, ಮೀಟರ್, ಹೆಡ್‌ಲೈಟ್ ಎಲ್ಲದರ ಫೋಟೋ ಇರಲಿ. ಹಳೆ ಗಾಡಿಯ ಒರಿಜಿನಲ್ ಭಾಗಕ್ಕೆ ಈಗ ಬೆಲೆ ಇದೆ. ಒಳ್ಳೆಯದು ಹೋಗಿ ಡೂಪ್ಲಿಕೇಟ್ ಬಂದು ಕೂತರೆ ಫೋಟೋ ಇಲ್ಲದೆ ಏನೂ ಹೇಳೋಕೆ ಆಗಲ್ಲ.

ಹಂತ 2: ನಿಮ್ಮ ಇಂಜಿನ್ನಿಗೆ ಯಾವ ಕೈ ಬೇಕು ಅಂತ ತಿಳಿದುಕೊಳ್ಳಿ

"ಹಳೆ ಗಾಡಿ ಮೆಕ್ಯಾನಿಕ್" ಅಂತ ಒಂದೇ ಜಾತಿ ಇಲ್ಲ. ಸ್ಪ್ಲೆಂಡರ್‌ ಇಂಜಿನ್ನನ್ನು ಕಣ್ಣು ಮುಚ್ಚಿಕೊಂಡು ಕಟ್ಟುವವರಿಗೆ ಜಾವಾ ಹೊಸ ಪ್ರಪಂಚ.

ಜಾವಾ, ಯೆಜ್ಡಿ ಟೂ ಸ್ಟ್ರೋಕ್. ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಗೇರ್ ಒತ್ತಿದರೆ ಕ್ಲಚ್ ತಾನೇ ಬಿಡುವ ಏರ್ಪಾಡು ಒಳಗಿದೆ. ಅದು ಗೊತ್ತಿಲ್ಲದವರು ಬರೀ ಕೇಬಲ್ ಎಳೆದು ಕ್ಲಚ್ ಅಡ್ಜಸ್ಟ್ ಮಾಡಿ ಕೊಡುತ್ತಾರೆ. ನಾಲ್ಕು ದಿನಕ್ಕೆ ಮತ್ತೆ ಗೇರ್ ಕರಕರ ಅನ್ನುತ್ತದೆ.

ಆರ್‌ಎಕ್ಸ್ 100 ಕೂಡ ಟೂ ಸ್ಟ್ರೋಕೇ, ಆದರೆ ಆಯಿಲ್‌ಗೆ ಬೇರೆ ಟ್ಯಾಂಕ್, ಬೇರೆ ಪಂಪ್ ಇದೆ. ಆ ಪಂಪ್ ಸರಿ ಮಾಡಲು ಬಾರದ ಕೆಲವರು "ತೆಗೆದುಬಿಡೋಣ, ಪೆಟ್ರೋಲಿಗೇ ಹಾಕ್ಕೊಳ್ಳಿ" ಅನ್ನುತ್ತಾರೆ. ಪಂಪ್ ಸರಿ ಮಾಡಬಲ್ಲವರನ್ನೇ ಹುಡುಕಿ.

ಹಳೆ ಕಾಸ್ಟ್ ಐರನ್ ಬುಲೆಟ್ ಫೋರ್ ಸ್ಟ್ರೋಕ್. ಬಲಗಾಲಿಗೆ ಗೇರ್. ತುಂಬ ದಿನ ನಿಂತರೆ ಆಯಿಲ್ ಟ್ಯಾಂಕಿನಿಂದ ಕೆಳಗೆ, ಇಂಜಿನ್ನಿನ ತಳದ ಕ್ರ್ಯಾಂಕ್ ಕೇಸಿಗೆ ಇಳಿಯುತ್ತದೆ. ಸ್ಟಾರ್ಟ್ ಮಾಡಿದಾಗ ದಟ್ಟ ಹೊಗೆ ಬರುತ್ತದೆ, ಸ್ವಲ್ಪ ಹೊತ್ತಿನಲ್ಲಿ ತಿಳಿಯಾಗುತ್ತದೆ. ಈ ಹೊಗೆ ನೋಡಿಯೇ "ಪಿಸ್ಟನ್ ಹೋಗಿದೆ, ಬೋರ್ ಮಾಡಿಸಬೇಕು" (ಅಂದರೆ ಸಿಲಿಂಡರಿನ ಒಳಗನ್ನು ಕೊರೆದು ಅಗಲ ಮಾಡಿಸಬೇಕು) ಅಂದವರನ್ನು ನಾನು ಕಂಡಿದ್ದೇನೆ. ಬುಲೆಟ್ ಗೊತ್ತಿರುವವರು ಮೊದಲು ಕೇಳುವುದೇ "ಎಷ್ಟು ದಿನದಿಂದ ನಿಂತಿತ್ತು?" ಅಂತ.

ಹಂತ 3: ಸರಿಯಾದ ಜಾಗದಲ್ಲಿ ವಿಚಾರಿಸಿ

ಫೋನಿನಲ್ಲಿ ನಕ್ಷತ್ರ ಎಣಿಸಿ ಆರಿಸಬೇಡಿ. ಒಳ್ಳೆ ಹಳೆ ಕೈಗಳು ಎಷ್ಟೋ ಕಡೆ ಬೋರ್ಡೂ ಹಾಕಿಕೊಂಡಿರುವುದಿಲ್ಲ.

ಮೊದಲು ಲೇತ್ ಶಾಪಿಗೆ ಹೋಗಿ. ಸಿಲಿಂಡರ್ ಬೋರ್ ಮಾಡುವವರು, ಕ್ರ್ಯಾಂಕ್ (ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ತಿರುಗಾಟ ಮಾಡುವ ದಂಡ) ಪ್ರೆಸ್ ಮಾಡುವವರು. ಊರಿನ ಎಲ್ಲ ಮೆಕ್ಯಾನಿಕ್‌ಗಳ ಕೆಲಸ ಇವರ ಕೈ ದಾಟಿಯೇ ಹೋಗಬೇಕು. ಯಾರು ಪಿಸ್ಟನ್ ಜೊತೆಗೆ ತಂದು ಇಷ್ಟೇ ಗ್ಯಾಪ್ ಬೇಕು ಅಂತ ನಿಂತು ಮಾಡಿಸುತ್ತಾರೆ, ಯಾರು "ಸುಮ್ನೆ ಹೊಡೆದು ಕೊಡಿ" ಅಂತ ಇಟ್ಟು ಹೋಗುತ್ತಾರೆ, ಇವರಿಗೆ ಚೆನ್ನಾಗಿ ಗೊತ್ತು. "ಅಣ್ಣಾ, ನಿಮ್ಮದೇ ಯೆಜ್ಡಿ ಇದ್ದಿದ್ರೆ ಯಾರಿಗೆ ಕೊಡ್ತಿದ್ರಿ?" ಅಂತ ಕೇಳಿ. "ಯಾರು ಚೆನ್ನಾಗಿ ಮಾಡ್ತಾರೆ?" ಅಂದರೆ ಎಲ್ಲರ ಹೆಸರೂ ಬರುತ್ತದೆ. ಮೊದಲಿನ ಹಾಗೆ ಕೇಳಿದರೆ ಒಂದೋ ಎರಡೋ ಹೆಸರು ಬರುತ್ತದೆ.

ಎರಡನೆಯದು ಸ್ಪೇರ್ಸ್ ಅಂಗಡಿ. ಅಲ್ಲಿ ಕೇಳಬೇಕಾದ್ದು ಬೇರೆ: ಯಾವ ಮೆಕ್ಯಾನಿಕ್ ಒಳ್ಳೆ ಕಂಪನಿಯ ಬೇರಿಂಗ್, ಆಯಿಲ್ ಸೀಲ್ ಕೇಳಿ ತೆಗೆದುಕೊಳ್ಳುತ್ತಾರೆ? ಆದರೆ ಅಂಗಡಿಯವರಿಗೂ ಮೆಕ್ಯಾನಿಕ್‌ಗೂ ಕಮಿಷನ್ ಲೆಕ್ಕ ಇರಬಹುದು, ಹಾಗಾಗಿ ಈ ಒಂದೇ ಮಾತು ನಂಬಿಕೊಂಡು ಹೋಗಬೇಡಿ.

ಮೂರನೆಯದು, ದಿನಾ ಹಳೆ ಗಾಡಿ ಓಡಿಸುವವರು. ಟೀ ಅಂಗಡಿ ಮುಂದೆ ಒಂದು ಯೆಜ್ಡಿ ನಿಂತಿದ್ದರೆ ಅದರ ಯಜಮಾನರನ್ನು ಮಾತಾಡಿಸಿ. ಹೊಳೆಯುವ ಗಾಡಿಗಿಂತ ತರಕಾರಿ ಚೀಲ ನೇತುಹಾಕಿಕೊಂಡು ದಿನಾ ಓಡುವ ಗಾಡಿಯ ಮೆಕ್ಯಾನಿಕ್ ನಿಮಗೆ ಬೇಕು. ಪೇಂಟು, ಕ್ರೋಮು ಹೊಳೆಸಿ ಕೊಡುವುದು ಬೇರೆ ಕಲೆ.

ಮೈಸೂರಿಗೆ ಮಾತ್ರ ಸೇರಿದ ಒಂದು ಮಾತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ದುಡಿದವರ ಕೈಕೆಳಗೆ ಕಲಿತವರು ಇನ್ನೂ ಇದ್ದಾರೆ, ಅದು ನಮ್ಮ ಊರಿನ ಅದೃಷ್ಟ. ಆದರೆ "ನಾನು ಫ್ಯಾಕ್ಟರಿಲಿದ್ದೆ" ಅನ್ನುವ ಮಾತಿಗೆ ಅಲ್ಲೇ ಕರಗಬೇಡಿ. "ಯಾವ ಸೆಕ್ಷನ್‌ನಲ್ಲಿದ್ರಿ ಸಾರ್?" ಅಂತ ಗೌರವವಾಗಿಯೇ ಕೇಳಿ. ಪೇಂಟ್ ಶಾಪಿನಲ್ಲಿದ್ದವರಿಗೂ ಇಂಜಿನ್ ಕಟ್ಟುತ್ತಿದ್ದವರಿಗೂ ವ್ಯತ್ಯಾಸ ಇದೆ ಅಲ್ವಾ? ನಿಜವಾಗಿ ಕೆಲಸ ಮಾಡಿದವರು ಈ ಪ್ರಶ್ನೆಗೆ ಖುಷಿಪಡುತ್ತಾರೆ, ಅರ್ಧ ಗಂಟೆ ಮಾತಾಡುತ್ತಾರೆ.

ಮಂಡ್ಯದವರು ಎರಡು ಕೈ ಇಟ್ಟುಕೊಳ್ಳುವುದು ಒಳ್ಳೆಯದು. ಪಂಕ್ಚರ್, ಚೈನ್, ಬ್ರೇಕ್, ಕೇಬಲ್, ಆಯಿಲ್ ಬದಲಾವಣೆಗೆ ಊರಲ್ಲೇ ಇರುವ ಒಬ್ಬರು. ಇಂಜಿನ್, ಗೇರ್‌ಬಾಕ್ಸ್, ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸುವ ಚಕ್ರ) ಕೆಲಸಕ್ಕೆ ಮೈಸೂರಿನವರು. ದೂರ ಸುಮಾರು 45 ಕಿಲೋಮೀಟರ್. ಸಂಶಯ ಇರುವ ಇಂಜಿನ್ನನ್ನು ಓಡಿಸಿಕೊಂಡು ಹೋಗಬೇಡಿ, ಗೂಡ್ಸ್ ಆಟೋದಲ್ಲಿ ಹಾಕಿಸಿ. ಆಟೋ ಬಾಡಿಗೆ ಒಂದು ಪಿಸ್ಟನ್, ಬೋರಿನ ಖರ್ಚಿಗಿಂತ ಕಡಿಮೆಯೇ.

ಹಂತ 4: ಗಾಡಿ ಬಿಟ್ಟು ಗ್ಯಾರೇಜಿಗೆ ಹೋಗಿ

ಜನ ಬಿಟ್ಟುಬಿಡುವ ಹಂತ ಇದೇ. ಮೂರು ಹೆಸರು ಸಿಕ್ಕಿದ್ದರೆ ಮೂರೂ ಕಡೆ ಒಂದೊಂದು ಸಲ, ಗಾಡಿ ಇಲ್ಲದೆ ಹೋಗಿ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತು ಬೇಡ, ಸಂಜೆ ಗಿರಾಕಿಗಳ ನೂಕುನುಗ್ಗಲೂ ಬೇಡ. ಮಧ್ಯಾಹ್ನ ಹನ್ನೊಂದು ಹನ್ನೆರಡರ ಸುಮಾರಿಗೆ ಕೈ ಕೆಲಸದಲ್ಲಿರುತ್ತದೆ. ಒಂದು ಕ್ಲಚ್ ಕೇಬಲ್ ಬೆಲೆ ಕೇಳುವ ನೆಪ ಸಾಕು.

ನೆಲ ಕೊಳಕಾಗಿದೆ ಅಂತ ಬೇಜಾರು ಬೇಡ. ಗ್ಯಾರೇಜಿನಲ್ಲಿ ಗ್ರೀಸ್ ಇರದೆ ಇನ್ನೇನಿರುತ್ತದೆ? ನೋಡಬೇಕಾದ್ದು ಬಿಚ್ಚಿದ ಇಂಜಿನ್ನುಗಳನ್ನು. ಬೋಲ್ಟು ನಟ್ಟು ಒಂದು ತಟ್ಟೆಯಲ್ಲೋ ಡಬ್ಬದಲ್ಲೋ ಗಾಡಿಗೊಂದರಂತೆ ಬೇರೆ ಬೇರೆ ಇವೆಯಾ, ಇಲ್ಲ ಎಲ್ಲ ಒಂದೇ ಬಕೆಟ್ಟಿನಲ್ಲಾ? ತೆರೆದ ಕ್ರ್ಯಾಂಕ್ ಕೇಸಿನ ಬಾಯಿಗೆ ಬಟ್ಟೆ ತುರುಕಿದ್ದಾರಾ, ಇಲ್ಲ ರಸ್ತೆ ಧೂಳು ಒಳಗೆ ಬೀಳುತ್ತಿದೆಯಾ?

ಆಮೇಲೆ ಆಯುಧಗಳು. ಮ್ಯಾಗ್ನೆಟ್ ಎಳೆಯುವ ಪುಲ್ಲರ್ ಇದೆಯಾ ನೋಡಿ. ಪುಲ್ಲರ್ ಇಲ್ಲದೆ ಉಳಿ, ಸುತ್ತಿಗೆಯಲ್ಲಿ ಹೊಡೆದು ಮ್ಯಾಗ್ನೆಟ್ ತೆಗೆಯುವವರ ಹತ್ತಿರ ಒಂದು ನಿಮಿಷವೂ ನಿಲ್ಲಬೇಡಿ. ಆ ಏಟು ಕ್ರ್ಯಾಂಕಿಗೆ ಹೋಗುತ್ತದೆ. ಹೊಡೆತಕ್ಕೆ ಕ್ರ್ಯಾಂಕ್ ಅಲೈನ್‌ಮೆಂಟ್ ಕೆಟ್ಟರೆ ಬೇರಿಂಗ್ ತಿನ್ನುತ್ತದೆ, ಪಾಯಿಂಟ್ (ಪ್ಲಗ್ಗಿನ ಕರೆಂಟನ್ನು ಬಿಟ್ಟು ಹಿಡಿಯುವ ಸಣ್ಣ ಸ್ವಿಚ್) ಟೈಮಿಂಗ್ ನಿಲ್ಲುವುದೇ ಇಲ್ಲ. ಹಾಗೇ ಫೀಲರ್ ಗೇಜ್, ಅಳತೆಯ ವರ್ನಿಯರ್ ಕಣ್ಣಿಗೆ ಬೀಳುತ್ತದಾ ನೋಡಿ. ಟಾರ್ಕ್ ರೆಂಚ್ (ಅಳತೆಗೆ ತಕ್ಕಷ್ಟೇ ಬಿಗಿ ಮಾಡುವ ಸ್ಪ್ಯಾನರ್) ಇದ್ದರೆ ಅದು ದೊಡ್ಡ ಪ್ಲಸ್. ಇಲ್ಲದಿದ್ದರೂ ಹೆಡ್ ನಟ್ಟುಗಳನ್ನು ಎದುರು ಬದುರು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡುವ ಅಭ್ಯಾಸ ಇದ್ದರೆ ಸಾಕು. ಕೇಸಿನ ಸ್ಕ್ರೂಗಳ ತಲೆ ನೋಡಿ. ಸುತ್ತ ಉಳಿ ಏಟಿನ ಗುರುತಿದ್ದರೆ ಅದು ಆ ಗ್ಯಾರೇಜಿನ ಸಹಿ.

ಇನ್ನೊಂದು ವಿಷಯ, ಕೆಲಸ ಯಾರು ಮಾಡುತ್ತಾರೆ? ಹೆಸರು ಮೇಸ್ತ್ರಿಯದ್ದು, ಇಂಜಿನ್ ಕಟ್ಟುವುದು ಮೊನ್ನೆ ಸೇರಿದ ಹುಡುಗ ಅಂತಾಗಬಾರದು. ಹುಡುಗರು ಕಲಿಯಲಿ, ಅದು ಬೇಕು. ಆದರೆ ಮೇಸ್ತ್ರಿ ಪಕ್ಕದಲ್ಲಿ ನಿಂತು ನೋಡುತ್ತಿರಬೇಕು.

ಎಷ್ಟು ಗಾಡಿ ಬಿಚ್ಚಿ ಬಿದ್ದಿವೆ ಎಣಿಸಿ. ಸೀಟಿನ ಮೇಲೆ ಧೂಳು ಕೂತ, ಟೈರ್ ಗಾಳಿ ಹೋದ ಗಾಡಿ ಐದಾರು ಇದ್ದರೆ ನಿಮ್ಮದು ಏಳನೆಯದಾಗುತ್ತದೆ. ನನ್ನ ಯೆಜ್ಡಿ ಹೀಗೇ ಒಂದು ಕಡೆ ಏಳು ತಿಂಗಳು ಕೂತಿತ್ತು. ಕೆಲಸ ಬರದವರೇನಲ್ಲ ಅವರು. ಒಪ್ಪಿಕೊಂಡ ಕೆಲಸ ಕೈಗೆ ಮೀರಿತ್ತು. ನಾನು ಮೊದಲ ದಿನವೇ ಆ ಧೂಳು ನೋಡಿದ್ದೆ, ಅದರ ಅರ್ಥ ಮಾತ್ರ ಆಗ ಗೊತ್ತಿರಲಿಲ್ಲ.

ಹಂತ 5: ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರೆದಿಡಿ

ಪರೀಕ್ಷೆ ಮಾಡುವ ಧಾಟಿ ಬೇಡ. ಹಿರಿಯ ಮೆಕ್ಯಾನಿಕ್‌ಗೆ ಅದು ಅವಮಾನ. ಗೊತ್ತಿಲ್ಲದವರು ತಿಳಿದುಕೊಳ್ಳುವ ಹಾಗೆ ಕೇಳಿ.

ಮೊದಲನೆಯದು: "ಗಾಡಿ ಬಿಸಿ ಆದ ಮೇಲೆ ಸ್ಟಾರ್ಟ್ ಆಗಲ್ಲ, ಏನಿರಬಹುದು?" ಒಳ್ಳೆಯವರು ತಿರುಗಿ ಪ್ರಶ್ನೆ ಕೇಳುತ್ತಾರೆ. ಕರೆಂಟ್ ಬರುತ್ತಾ ನೋಡಿದ್ರಾ, ಪ್ಲಗ್ ಹೇಗಿತ್ತು, ಕಾಯಿಲ್ ಕಂಡೆನ್ಸರ್ ಯಾವಾಗ ಹಾಕಿಸಿದ್ದು? ಗಾಡಿ ನೋಡದೆ, ಏನೂ ಕೇಳದೆ "ಇಂಜಿನ್ ಕೆಲಸ" ಅಂದರೆ ಆ ಹೆಸರು ಹೊಡೆದು ಹಾಕಿ.

ಎರಡನೆಯದು ಟೂ ಸ್ಟ್ರೋಕಿನವರಿಗೆ: "ಬಿಳಿ ಹೊಗೆ ನಿಲ್ಲುತ್ತಿಲ್ಲ, ಗೇರ್ ಆಯಿಲ್ ಕಮ್ಮಿ ಆಗ್ತಿದೆ." ಬಲ್ಲವರು ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಅನ್ನುತ್ತಾರೆ. ಅದು ಸವೆದರೆ ಇಂಜಿನ್ ಗೇರ್ ಆಯಿಲ್ ಎಳೆದು ಸುಡುತ್ತದೆ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಗಾಳಿ ಎಳೆಯುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ನಿನ ವೇಗ ಇಳಿಯುವುದಿಲ್ಲ, ಕಾದು ಪಿಸ್ಟನ್ ಸಿಲಿಂಡರಿನಲ್ಲೇ ಹಿಡಿದು ನಿಲ್ಲುತ್ತದೆ. ಇಲ್ಲಿ ಪಿಸ್ಟನ್ ರಿಂಗ್ ಬದಲಿಸೋಣ ಅಂದವರಿಗೆ ಟೂ ಸ್ಟ್ರೋಕ್ ಕೊಡಬೇಡಿ.

ಮೂರನೆಯದು: "ಹಳೆ ಸಾಮಾನು ವಾಪಸ್ ಕೊಡ್ತೀರಾ?" ತಡವರಿಸದೆ ಹೂಂ ಅನ್ನಬೇಕು.

ನಾಲ್ಕನೆಯದು: "ಎಷ್ಟು ದಿನ ಬೇಕು?" ನಾಳೆಯೇ ಅನ್ನುವವರಿಗಿಂತ, "ಈಗ ಎರಡು ಇಂಜಿನ್ ಇದೆ, ಹದಿನೈದು ದಿನ ಬಿಟ್ಟು ತನ್ನಿ" ಅನ್ನುವವರು ಮೇಲು. ಕಾಯಲು ಹೇಳುವ ಮೆಕ್ಯಾನಿಕ್ ಸಿಕ್ಕರೆ ಕಾಯಿರಿ.

ಹಂತ 6: ಸಣ್ಣ ಕೆಲಸ ಕೊಟ್ಟು ನೋಡಿ

ಮೊದಲ ಕೆಲಸ ನೀವೇ ಅಳೆದು ನೋಡಬಹುದಾದದ್ದು ಇರಲಿ. ಕಾರ್ಬೊರೇಟರ್ ಕ್ಲೀನಿಂಗ್, ಪಾಯಿಂಟ್ ಅಡ್ಜಸ್ಟ್, ಬ್ರೇಕ್ ಶೂ, ಚೈನ್ ಸ್ಪ್ರಾಕೆಟ್. ಜಾವಾ, ಹಳೆ ಬುಲೆಟ್ ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್ ಆಸುಪಾಸು. ಮನೆಗೆ ಬಂದು ಫೀಲರ್ ಗೇಜ್ ಹಾಕಿ ನೋಡಿ. ಕಾರ್ಬೊರೇಟರ್ ಕೆಲಸ ಮಾಡಿಸಿದರೆ ಟ್ಯಾಂಕಿನ ತುಕ್ಕು, ಪೆಟ್ರೋಲ್ ಪೈಪ್ ನೋಡಿದರಾ ಗಮನಿಸಿ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಅದು ನೀರಿನ ತೇವ ಹೀರುತ್ತದೆ, ಹಳೆ ರಬ್ಬರ್ ಪೈಪು, ವಾಷರ್‌ಗಳನ್ನು ಮೆತ್ತಗೆ ಮಾಡುತ್ತದೆ. ಹೇಳದೆಯೇ "ಈ ಪೈಪ್ ಬದಲಿಸಿ, ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ" ಅಂದವರು ಗಾಡಿಯ ಬಗ್ಗೆ ಯೋಚಿಸುವವರು.

ಕೊಡುವ ಮುಂಚೆ ಬೆಲೆಬಾಳುವ ಭಾಗಗಳ ಮೇಲೆ, ಕಣ್ಣಿಗೆ ಬೀಳದ ಜಾಗದಲ್ಲಿ, ಪೇಂಟ್ ಮಾರ್ಕರ್‌ನಿಂದ ಒಂದು ಚುಕ್ಕೆ ಇಡಿ. ಕಾರ್ಬೊರೇಟರ್, ಮ್ಯಾಗ್ನೆಟ್, ಹಬ್. ಯಾರನ್ನೂ ಕಳ್ಳ ಅನ್ನುವುದಕ್ಕಲ್ಲ. ನಾಲ್ಕು ಗಾಡಿ ಒಟ್ಟಿಗೆ ಬಿಚ್ಚಿದಾಗ ಅದಲುಬದಲು ಆಗುತ್ತದೆ, ಆಗ ಚುಕ್ಕೆ ನಿಮಗೂ ಅವರಿಗೂ ಸಹಾಯ.

ಸಣ್ಣ ಕೆಲಸದಲ್ಲಿ ಮೂರು ವಿಷಯ ನೋಡಿ. ಹೇಳಿದ ದಿನ ಕೊಟ್ಟರಾ? ಹೇಳದ ಕೆಲಸಕ್ಕೆ ಕೈ ಹಾಕುವ ಮೊದಲು ಫೋನ್ ಮಾಡಿದರಾ? ಲೆಕ್ಕದಲ್ಲಿ ಸಾಮಾನು ಬೇರೆ, ಕೂಲಿ ಬೇರೆ ಇತ್ತಾ? ಇಂತಹ ಎರಡು ಕೆಲಸ ಸರಿಯಾಗಿ ಆದರೆ ಮುಂದೆ ಹೋಗಿ.

ಹಂತ 7: ಓಡಿಸಿ ಪರೀಕ್ಷೆ ಮಾಡಿ

ಗ್ಯಾರೇಜ್ ಮುಂದೆ ಎರಡು ಸುತ್ತು ಹೊಡೆದು ಹಣ ಕೊಟ್ಟು ಬರಬೇಡಿ. ಮೈಸೂರಿನಲ್ಲಿ ರಿಂಗ್ ರೋಡಿನಲ್ಲಿ ಒಂದೇ ವೇಗದಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ. ನಿಲ್ಲಿಸಿ, ಐದು ನಿಮಿಷ ಬಿಟ್ಟು ಬಿಸಿಯಲ್ಲೇ ಸ್ಟಾರ್ಟ್ ಮಾಡಿ. ಆಮೇಲೆ ಚಾಮುಂಡಿ ಬೆಟ್ಟ ಹತ್ತಿಸಿ. ಕ್ಲಚ್ ಜಾರುತ್ತಾ, ಇಂಜಿನ್ ಟಕಟಕ ಅನ್ನುತ್ತಾ ಎಲ್ಲ ಅಲ್ಲಿ ಗೊತ್ತಾಗುತ್ತದೆ. ಇಳಿಯುವಾಗ ಬ್ರೇಕ್ ಗೊತ್ತಾಗುತ್ತದೆ. ಜಾವಾ, ಯೆಜ್ಡಿಯವರು ಇಳಿಜಾರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿಯಬೇಡಿ. ಪೆಟ್ರೋಲ್ ಹೋಗದಿದ್ದರೆ ಪಿಸ್ಟನ್‌ಗೆ ಆಯಿಲ್ ಕೂಡ ಹೋಗುವುದಿಲ್ಲ. ನಡುನಡುವೆ ಸ್ವಲ್ಪ ಆಕ್ಸಿಲರೇಟರ್ ಕೊಡಿ.

ಮಂಡ್ಯ ಕಡೆಯಿಂದ ಬರುವವರಿಗೆ ಒಂದು ಎಚ್ಚರಿಕೆ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೆ ಅವಕಾಶ ಇಲ್ಲ. ಸರ್ವಿಸ್ ರಸ್ತೆಯಲ್ಲೇ ಓಡಿಸಿ.

ಹಂತ 8: ಇಂಜಿನ್ ಕೊಡುವಾಗ

ಈಗ ಮಾತ್ರ ಇಂಜಿನ್. ಬಿಚ್ಚುವ ದಿನ ರಜೆ ಹಾಕಿ ಎದುರಿಗೇ ಇರಿ. ಒಂದು ಹಾಳೆಯಲ್ಲಿ ಇಷ್ಟು ಬರೆದು ಇಬ್ಬರೂ ಸಹಿ ಹಾಕಿ: ಏನು ಕೆಲಸ, ಕೂಲಿ ಎಷ್ಟು, ಸಾಮಾನು ಯಾರು ತರುವುದು, ಯಾವತ್ತು ಕೊಡುವುದು, ಇಂಜಿನ್ ನಂಬರ್ ಏನು. ದೊಡ್ಡ ಕರಾರು ಪತ್ರ ಬೇಕಿಲ್ಲ.

ಸಾಮಾನಿನ ಹಣ ಬಿಲ್ ನೋಡಿ ಕೊಡಿ. ಆದರೆ ಒಟ್ಟಿಗೆ ಅಂಗಡಿಗೆ ಹೋಗುವುದೇ ಮೇಲು. ಕೂಲಿ ಹಣ ಪೂರ್ತಿ ಮುಂಚೆ ಕೊಡಬೇಡಿ. ಪೂರ್ತಿ ಹಣ ಬಂದ ಗಾಡಿ ಸಾಲಿನಲ್ಲಿ ಹಿಂದೆ ಹೋಗುತ್ತದೆ.

ಬೋರ್ ಕೆಲಸದಲ್ಲಿ ಕ್ರಮ ತಪ್ಪಬಾರದು. ಮೊದಲು ಸಿಲಿಂಡರ್ ಅಳೆಯಬೇಕು. ಆಮೇಲೆ ಪಿಸ್ಟನ್ ಕೊಳ್ಳಬೇಕು. ಆ ಪಿಸ್ಟನ್ ಅಳತೆಗೆ ತಕ್ಕಂತೆ ಬೋರ್ ಮಾಡಿ, ಹೋನಿಂಗ್ (ಒಳಗೋಡೆಯನ್ನು ಉಜ್ಜಿ ನಯ ಮಾಡುವುದು) ಮಾಡಬೇಕು. ಮೊದಲೇ ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕುವವರು ಇದ್ದಾರೆ. ಓವರ್‌ಸೈಜ್ ಪಿಸ್ಟನ್ 0.25, 0.50, 0.75, 1.00 ಮಿಲಿಮೀಟರ್ ಹೀಗೆ ಬರುತ್ತದೆ. ಒಮ್ಮೆ ತೆಗೆದ ಕಬ್ಬಿಣ ವಾಪಸ್ ಬರುವುದಿಲ್ಲ. 0.25ಕ್ಕೆ ಸರಿ ಹೋಗುವುದನ್ನು "ಒಂದೇ ಸಲ 0.75 ಮಾಡಿಬಿಡೋಣ" ಅಂದರೆ ಒಪ್ಪಬೇಡಿ. ಈಗ ಯಾವ ಸೈಜಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಕ್ರ್ಯಾಂಕ್ ಕೇಸ್ ಒಡೆದಿದ್ದರೆ ಕೆಲವರು ಬೇರೆ ಗಾಡಿಯ ಕೇಸ್ ಹಾಕಿಕೊಡುತ್ತಾರೆ. ಇಂಜಿನ್ ನಂಬರ್ ಇರುವುದು ಅದರ ಮೇಲೇ. ಆಗ ಆರ್‌ಸಿಗೂ ಇಂಜಿನ್ನಿಗೂ ತಾಳೆ ಆಗುವುದಿಲ್ಲ. ಆರ್‌ಟಿಒದಲ್ಲಿ ಆರ್‌ಸಿ ರಿನ್ಯೂವಲ್‌ಗೆ ಗಾಡಿ ತೋರಿಸುವಾಗ ಸಿಕ್ಕಿಕೊಳ್ಳುತ್ತೀರಿ. ನಂಬರ್ ಉಜ್ಜಿ ಹೊಸದಾಗಿ ಹೊಡೆಸುವ ಮಾತು ಬಂದರೆ ಇಂಜಿನ್ ಎತ್ತಿಕೊಂಡು ಹೊರಟುಬಿಡಿ, ಅದು ಅಪರಾಧ.

ಹೊಸ ಪಿಸ್ಟನ್ ಹಾಕಿದ ಮೇಲೆ ಮೊದಲ 500 ಕಿಲೋಮೀಟರ್ ಮೆತ್ತಗೆ ಓಡಿಸಿ. ಅರ್ಧ ಆಕ್ಸಿಲರೇಟರ್ ದಾಟಬೇಡಿ, ಹಿಂದೆ ಜನ ಕೂರಿಸಬೇಡಿ, ನಡುವೆ ನಿಲ್ಲಿಸಿ ತಣ್ಣಗಾಗಲು ಬಿಡಿ. ಈ ಅವಧಿಯಲ್ಲಿ ಇಂಜಿನ್ ಹಿಡಿದರೆ ತಪ್ಪು ಯಾರದು ಅಂತ ಜಗಳವಾಗುತ್ತದೆ. ನೀವು ನಿಯಮ ಪಾಲಿಸಿದ್ದರೆ ಮಾತಾಡಲು ಬಾಯಿ ಇರುತ್ತದೆ.

ನಡುವೆ ಕೆಟ್ಟರೆ

ಕಾಲ ಕಳೆದರೂ ಕೆಲಸ ಮುಗಿಯದಿದ್ದರೆ ಕೂಗಾಡಬೇಡಿ. ನಿಮ್ಮ ಇಂಜಿನ್ ಇನ್ನೂ ಅವರ ಕೈಯಲ್ಲಿದೆ. ಇನ್ನೊಂದು ವಾರ ಅಂತ ದಿನ ಗೊತ್ತು ಮಾಡಿ. ಅದೂ ಮೀರಿದರೆ ಆಗಿರುವ ಕೆಲಸಕ್ಕೆ ಕೂಲಿ ಲೆಕ್ಕ ಹಾಕಿ ಕೊಟ್ಟು, ಹಂತ 1ರ ಫೋಟೋ ಇಟ್ಟುಕೊಂಡು ಒಂದೊಂದೇ ಭಾಗ ಎಣಿಸಿ, ಗೂಡ್ಸ್ ಆಟೋದಲ್ಲಿ ಎತ್ತಿಕೊಂಡು ಬನ್ನಿ. ಸಣ್ಣ ನಟ್ಟು, ವಾಷರ್ ಕೂಡ ಬಿಡಬೇಡಿ. ಜಾವಾದ ಕೆಲವು ಸಣ್ಣ ಭಾಗ ಹುಡುಕುವುದಕ್ಕೇ ತಿಂಗಳು ಬೇಕು. ಹೊಸ ಮೆಕ್ಯಾನಿಕ್ ಹತ್ತಿರ ಹಳೆಯವರನ್ನು ಬೈಯಬೇಡಿ. ಏನು ಆಗಿದೆ, ಏನು ಆಗಿಲ್ಲ ಅಷ್ಟೇ ಹೇಳಿ.

ಒಳ್ಳೆಯವರು ಸಿಕ್ಕ ಮೇಲೆ

ಚೌಕಾಸಿ ಬಿಡಿ. ಒಂದು ಇಂಜಿನ್ ಸರಿಯಾಗಿ ಕಟ್ಟಲು ಎರಡು ಮೂರು ದಿನ ಬಗ್ಗಿ ಕೂರಬೇಕು. ಕೂಲಿಯಲ್ಲಿ ಐನೂರು ಉಳಿಸಲು ಹೋದರೆ ಆ ಐನೂರರ ಗಮನವೂ ಕಡಿಮೆಯಾಗುತ್ತದೆ. ಹಣ ಅದೇ ದಿನ ಕೊಡಿ. ವರ್ಷಕ್ಕೆರಡು ಸಲ, ಏನೂ ಕೆಟ್ಟಿರದಿದ್ದರೂ ಗಾಡಿ ತೋರಿಸಿ. ಎಮಿಷನ್ ಸರ್ಟಿಫಿಕೇಟ್ ಹಳೆ ಗಾಡಿಗೆ ಆರು ತಿಂಗಳಿಗೊಮ್ಮೆ ಮಾಡಿಸಲೇಬೇಕು, ಅದೇ ವಾರ ಗ್ಯಾರೇಜಿಗೂ ಹೋಗಿ ಬಂದರೆ ನೆನಪಿಟ್ಟುಕೊಳ್ಳುವುದು ಸುಲಭ.

ದಸರಾ ಹತ್ತಿರ ಬಂದಾಗ ದೊಡ್ಡ ಕೆಲಸ ಕೊಡಬೇಡಿ. ಆಯುಧ ಪೂಜೆಗೆ ಮುಂಚಿನ ಎರಡು ವಾರ ಊರಿನ ಗಾಡಿಯೆಲ್ಲ ಗ್ಯಾರೇಜಿನಲ್ಲೇ ಇರುತ್ತವೆ, ಅವಸರದ ಕೆಲಸ ಆಗುತ್ತದೆ. ಇಂಜಿನ್ ಬಿಚ್ಚಿಸುವುದಿದ್ದರೆ ಹಬ್ಬ ಮುಗಿದು ಒಂದು ವಾರ ಬಿಟ್ಟು ಹೋಗಿ. ಆ ಹೊತ್ತಿಗೆ ಮೇಸ್ತ್ರಿಯ ಕೈ ಬಿಡುವಾಗಿರುತ್ತದೆ.